ಲೋಕ ಮುಗಿಯುವ ಕಥೆ ಓದಿದವರು

ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ, ಅದನ್ನು ಬೆಳೆಸಿದ ವೀರಣ್ಣನವರು. ಆದರೆ ಆ ಕಂಪನಿಯ ಮೊದಲ ಪರದೆ ಏಳುವುದಕ್ಕೆ ಎಷ್ಟೋ ಮುಂಚೆಯೇ ಗುಬ್ಬಿಯ ಹೆಸರು ಇಂಗ್ಲೆಂಡಿನ ಓದುಗರ ಕಿವಿಗೆ ಬಿದ್ದಿತ್ತು. ಅದಕ್ಕೆ ಕಾರಣರಾದವರು ವಿಲಿಯಂ ಆರ್ಥರ್ ಎಂಬ ಐರಿಷ್ ತರುಣ. 1839ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ವೆಸ್ಲಿಯನ್ ಸಭೆಯ ಪಾದ್ರಿಯಾಗಿ ಮೈಸೂರು ಸಂಸ್ಥಾನಕ್ಕೆ ಬಂದ ಅವರು ಗುಬ್ಬಿಯಲ್ಲಿ ನೆಲೆಸಿ ಕನ್ನಡ ಕಲಿತರು. ಎರಡೇ ವರ್ಷದಲ್ಲಿ ಆರೋಗ್ಯ ಕೆಟ್ಟು, ಕಣ್ಣು ಸೋತು, 1841ರಲ್ಲಿ ಹಡಗು ಹತ್ತಿ ಮರಳಿದರು. 1847ರಲ್ಲಿ ಅವರು ಪ್ರಕಟಿಸಿದ 'ಎ ಮಿಷನ್ ಟು ದಿ ಮೈಸೂರ್' ಎಂಬ ಪುಸ್ತಕ ಈ ಭಾಗದ ಸಂತೆ, ಛತ್ರ, ಜನರ ಮಾತುಕತೆಗಳನ್ನು ಅಲ್ಲಿನವರಿಗೆ ಪರಿಚಯಿಸಿತು. ಗುಬ್ಬಿಯಂತೆಯೇ ಕುಣಿಗಲ್ ಮತ್ತು ತುಮಕೂರು ಕೂಡ ವೆಸ್ಲಿಯನ್ನರ ಕೇಂದ್ರಗಳಾದವು.

ಈ ಪಾದ್ರಿಗಳು ಹೊತ್ತು ತಂದ ಗ್ರಂಥದ ಕಟ್ಟಕಡೆಯ ಭಾಗದ ಹೆಸರು 'ಪ್ರಕಟನೆ'. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. ಹಾಗಾಗಿ ಈ ಭಾಗವೂ ಕನ್ನಡದಲ್ಲಿ ಓದಲು ಸಿಗುತ್ತಿತ್ತು. ಏಳು ಮುದ್ರೆಗಳನ್ನು ಒಡೆಯುವುದು, ನಾಲ್ಕು ಬಣ್ಣದ ಕುದುರೆಗಳು, ಸಮುದ್ರದಿಂದ ಏಳುವ ಮೃಗ, ಅದರ ಸಂಖ್ಯೆ 666, ಹರ್ಮಗೆದೋನಿನ ಯುದ್ಧ, ಸಾವಿರ ವರ್ಷಗಳ ಆಳ್ವಿಕೆ, ಕೊನೆಗೆ ಹೊಸ ಆಕಾಶ ಮತ್ತು ಹೊಸ ಭೂಮಿ. ರೋಮನ್ ಚಕ್ರಾಧಿಪತ್ಯದ ಹಿಂಸೆಗೆ ಸಿಕ್ಕಿದ ಸಣ್ಣ ಸಣ್ಣ ಸಭೆಗಳಿಗೆ ಧೈರ್ಯ ಹೇಳಲು ಬರೆದ ದರ್ಶನವಿದು ಎನ್ನುತ್ತಾರೆ ಹೆಚ್ಚಿನ ವಿದ್ವಾಂಸರು. ಆದರೆ ಮುಂದಿನ ಓದುಗರು ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಪ್ರತಿ ಶತಮಾನದವರೂ ಮೃಗದ ಮುಖದಲ್ಲಿ ತಮ್ಮ ಕಾಲದ ಒಬ್ಬ ರಾಜನನ್ನೋ ಪೋಪನನ್ನೋ ಸೇನಾಪತಿಯನ್ನೋ ಕಂಡರು. ಅದೇ ದರ್ಶನವನ್ನು ಹಿಗ್ಗಿಸಿ ಕಥೆ, ಕಾದಂಬರಿ, ಸಿನಿಮಾ ಮಾಡಿದವರ ಸಾಲೇ ಇದೆ. ಹಾಗೆ ಬರೆದವರ ಬಗ್ಗೆ ಚರ್ಚೆ ಬೇಕಾದಷ್ಟು ನಡೆದಿದೆ. ಓದಿದವರು ಏನು ಮಾಡಿದರು ಎಂಬ ವಿಚಾರಕ್ಕೆ ಬಂದರೆ ಮಾತ್ರ ಕಥೆ ಕರ್ನಾಟಕದ ಬಾಗಿಲಿಗೇ ಬಂದು ನಿಲ್ಲುತ್ತದೆ.

ಎರಡು ಗಡಿಯಾರಗಳು

ಗುಬ್ಬಿಯ ಸಂತೆಯಲ್ಲಿ ಪಾದ್ರಿಯ ಮಾತು ಕೇಳಿದವರ ತಲೆಯಲ್ಲಿ ಕಾಲದ ಲೆಕ್ಕ ಮೊದಲೇ ಇತ್ತು. ಪಂಚಾಂಗದ ಪ್ರಕಾರ ಕಲಿಯುಗದ ಆಯಸ್ಸು 4,32,000 ವರ್ಷ. ಆರ್ಥರ್ ಬಂದ 1839ರ ಹೊತ್ತಿಗೆ ಅದರಲ್ಲಿ ಕಳೆದಿದ್ದದ್ದು 4,940 ವರ್ಷ ಮಾತ್ರ. ಉಳಿದದ್ದು ನಾಲ್ಕು ಲಕ್ಷದ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು. ಈ ಲೆಕ್ಕ ಗೊತ್ತಿದ್ದವನಿಗೆ 'ಅಂತ್ಯ ಸಮೀಪಿಸಿದೆ' ಎಂಬ ಮಾತು ಗಾಬರಿ ಹುಟ್ಟಿಸುವುದು ಕಷ್ಟ. ಲೋಕ ಕೆಡುತ್ತಿದೆ ಎಂಬುದಕ್ಕೆ ಅವನ ತಕರಾರಿಲ್ಲ. ಕಲಿಗಾಲವಲ್ಲವೇ, ಕೆಡಲೇಬೇಕು. ಆದರೆ ಅವಸರವೇನೂ ಇಲ್ಲ.

ಇದು ದೊಡ್ಡ ಗಡಿಯಾರ. ಇದರ ಪಕ್ಕದಲ್ಲೇ ಕನ್ನಡಿಗರು ಒಂದು ಸಣ್ಣ ಗಡಿಯಾರವನ್ನೂ ಇಟ್ಟುಕೊಂಡಿದ್ದರು. ಅದರ ಹೆಸರು ಕಾಲಜ್ಞಾನ. ಮುಂದೆ ಇಂಥ ಸಂವತ್ಸರದಲ್ಲಿ ಹೀಗೀಗಾಗುತ್ತದೆ, ರಾಜ್ಯಗಳು ಉರುಳುತ್ತವೆ, ಹೊರಗಿನವರು ಆಳುತ್ತಾರೆ, ಕೊನೆಗೆ ವೀರ ವಸಂತರಾಯ ಬಂದು ಧರ್ಮವನ್ನು ನಿಲ್ಲಿಸುತ್ತಾನೆ ಎಂದು ಒಗಟಿನ ಮಾತಿನಲ್ಲಿ ಹೇಳುವ ಸಾಹಿತ್ಯ ಇದು. ವಿರೂಪಾಕ್ಷ ಪಂಡಿತನ 'ಚೆನ್ನಬಸವ ಪುರಾಣ'ದಲ್ಲೂ (1584) ಇಂಥ ಭವಿಷ್ಯವಾಣಿ ಇದೆ. ಸುರಪುರ ಸೀಮೆಯ ಕೊಡೇಕಲ್ಲ ಬಸವಣ್ಣನ ಪರಂಪರೆಯಲ್ಲಂತೂ ಕಾಲಜ್ಞಾನವೇ ಮುಖ್ಯ. ಕೈವಾರದ ತಾತಯ್ಯನವರದು ಮತ್ತೊಂದು. ತುಮಕೂರು ಜಿಲ್ಲೆಯ ತೆಲುಗು ಗಡಿಯಾದ ಪಾವಗಡದ ಕಡೆಗೆ ಹೋದರೆ ಕಡಪದ ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಯ ಕಾಲಜ್ಞಾನ ಮನೆಮಾತು. ಕರ್ನಲ್ ಕಾಲಿನ್ ಮೆಕೆಂಜಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದಲ್ಲೆಲ್ಲ ಸಂಗ್ರಹಿಸಿದ ಕೈಬರಹಗಳಲ್ಲೂ ಕಾಲಜ್ಞಾನಗಳು ಸೇರಿವೆ. ಆಳುವ ಪರಂಗಿಯವರಿಗೂ ತಮ್ಮ ಬಗ್ಗೆ ಅದರಲ್ಲಿ ಏನಿದೆ ಎಂಬ ಕುತೂಹಲ ಇದ್ದಿರಬೇಕು.

ಕಾಲಜ್ಞಾನದ ಸ್ವಾರಸ್ಯ ಇರುವುದು ಅದರ ಅಸ್ಪಷ್ಟತೆಯಲ್ಲಿ. ಬರೆದಾತ ಗುರುತು ಮಾತ್ರ ಹೇಳುತ್ತಾನೆ, ಹೆಸರು ಹೇಳುವುದಿಲ್ಲ. ಹೆಸರು ತುಂಬುವ ಕೆಲಸ ಓದುಗನದು. ಟಿಪ್ಪು ಬಿದ್ದ ಮೇಲೆ ಓದಿದವನು ಒಂದು ಹೆಸರು ತುಂಬಿದರೆ, ಕಂಪನಿ ಸರ್ಕಾರದ ಕಂದಾಯ ಕಟ್ಟಿ ಸೋತವನು ಇನ್ನೊಂದನ್ನು ತುಂಬುತ್ತಾನೆ. ಹೀಗೆ ತುಂಬಲು ಕಲಿತ ಓದುಗರ ನಡುವೆಯೇ ಪಾದ್ರಿಗಳು 'ಪ್ರಕಟನೆ'ಯ ಮಾತು ಹಿಡಿದು ಬಂದದ್ದು. ಗುಬ್ಬಿ, ಕುಣಿಗಲ್‌ಗಳಲ್ಲಿ ಈ ಎರಡು ಗ್ರಂಥಗಳು ಒಂದರ ಪಕ್ಕದಲ್ಲಿ ಒಂದು ಇದ್ದವು. ಅವು ನಿಜವಾಗಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡದ್ದು ಮಾತ್ರ ಬಡಗಣದಲ್ಲಿ, ಹುಬ್ಬಳ್ಳಿ ಮತ್ತು ಗದಗಿನ ಕಡೆ.

ಹುಬ್ಬಳ್ಳಿಗೆ ಬಂದ ಕಾಲಜ್ಞಾನಿಗಳು

ಆಗ ಮಿಷನರಿ ಸಂಸ್ಥೆಗಳು ಸೀಮೆಗಳನ್ನು ಹಂಚಿಕೊಂಡಂತೆ ಕೆಲಸ ಮಾಡುತ್ತಿದ್ದವು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ನರು ಮತ್ತು ಲಂಡನ್ ಮಿಷನ್. ಕರಾವಳಿ ಮತ್ತು ಧಾರವಾಡ ಸೀಮೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲಿನವರು 1837ರಲ್ಲಿ ಧಾರವಾಡದಲ್ಲೂ 1839ರಲ್ಲಿ ಹುಬ್ಬಳ್ಳಿಯಲ್ಲೂ ಕೇಂದ್ರ ತೆರೆದರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೊಗ್ಲಿಂಗ್ ಈ ಸಂಸ್ಥೆಯವರೇ.

ಹುಬ್ಬಳ್ಳಿಯ ಕೇಂದ್ರ ಶುರುವಾದ ಹೊಸತರಲ್ಲಿ ಅಲ್ಲಿಗೆ ಅಚ್ಚರಿಯ ಅತಿಥಿಗಳು ಬಂದರು. ತಾವು ಕಾಲಜ್ಞಾನವನ್ನು ನಂಬುವವರು, 'ನುಡಿ'ಯನ್ನು ಅನುಸರಿಸುವವರು ಎಂದು ಅವರು ಪರಿಚಯ ಹೇಳಿಕೊಂಡರು. ಲಿಂಗಾಯತ ಹಿನ್ನೆಲೆಯ ಗುರುಗಳೂ ಅವರಲ್ಲಿದ್ದರು. ತಮ್ಮ ಗ್ರಂಥಗಳು ಮುಂಚೆಯೇ ಹೇಳಿರುವ ಬದಲಾವಣೆ ಈ ಪರದೇಶಿ ಗುರುಗಳ ಮೂಲಕವೇ ಆಗಲಿರುವುದು ಎಂಬುದು ಅವರ ನಂಬಿಕೆ. ತಮ್ಮ ಹಿಂದೆ ಸಾವಿರಾರು ಮನೆಗಳಿವೆ, ಕಾಲ ಕೂಡಿ ಬಂದರೆ ಎಲ್ಲರೂ ಬರುತ್ತಾರೆ ಎಂಬ ಮಾತೂ ಬಂತು. ಪಾದ್ರಿಗಳು ಬೆರಗಾದರು. ವರ್ಷಗಟ್ಟಲೆ ಸಂತೆಗಳಲ್ಲಿ ಗಂಟಲು ಹರಿದುಕೊಂಡರೂ ಒಬ್ಬಿಬ್ಬರು ಒಲಿಯುವುದೇ ದುರ್ಲಭವಾಗಿದ್ದಾಗ, ಜನ ತಾವೇ ಪುಸ್ತಕ ಹಿಡಿದು ಬಾಗಿಲಿಗೆ ಬಂದಿದ್ದರು.

ಇಲ್ಲಿ ನಡೆದದ್ದನ್ನು ಓದುಗರ ಪ್ರತಿಕ್ರಿಯೆ ಎಂದೇ ಕರೆಯಬೇಕು. ಪಾದ್ರಿಗಳ ಎಣಿಕೆಯಲ್ಲಿ ಕನ್ನಡಿಗರು ಬೈಬಲಿನ ಓದುಗರಾಗಬೇಕಿತ್ತು. ಆದರೆ ಕಾಲಜ್ಞಾನಿಗಳು ಬೈಬಲನ್ನೂ ಪಾದ್ರಿಗಳನ್ನೂ ಸೇರಿಸಿ ತಮ್ಮ ಕಾಲಜ್ಞಾನದ ಒಂದು ಅಧ್ಯಾಯವಾಗಿ ಓದಿಬಿಟ್ಟರು. ಬಿಳಿಯ ಗುರುಗಳು ಆ ಕಥೆಯಲ್ಲಿ ಬರಬೇಕಾಗಿದ್ದ ಪಾತ್ರಗಳು, ಅಷ್ಟೇ.

ಹಾಗಾದರೆ ಪಾದ್ರಿಗಳೇಕೆ ಇದನ್ನು ಅಷ್ಟು ಬೇಗ ನಂಬಿದರು? ಇದಕ್ಕೆ ಉತ್ತರ ಅವರು ಹುಟ್ಟಿದ ಊರುಗಳಲ್ಲಿದೆ.

ಕಾದಂಬರಿ ಓದಿ ಊರು ಬಿಟ್ಟವರು

ಬಾಸೆಲ್ ಮಿಷನ್ನಿನ ಹೆಸರು ಸ್ವಿಸ್ ಪಟ್ಟಣದ್ದಾದರೂ ಅದರ ಪಾದ್ರಿಗಳಲ್ಲಿ ಬಹಳ ಮಂದಿ ಬಂದದ್ದು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಿಂದ. ಮೊಗ್ಲಿಂಗ್ ಕೂಡ ಅಲ್ಲಿಯವರೇ. ಅಲ್ಲಿ ಹದಿನೆಂಟನೆಯ ಶತಮಾನದಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಗೌರವಸ್ಥ ಪಂಡಿತರಿದ್ದರು. ಬೈಬಲಿನ ಮೂಲ ಪಾಠವನ್ನು ಶೋಧಿಸಿದ ದೊಡ್ಡ ವಿದ್ವಾಂಸ. ಅದೇ ಜಾಣತನವನ್ನು 'ಪ್ರಕಟನೆ'ಯ ಸಂಖ್ಯೆಗಳ ಮೇಲೂ ಹರಿಸಿ, ಮೃಗದ ಆಳ್ವಿಕೆ ಕೊನೆಗೊಂಡು ಸಾವಿರ ವರ್ಷದ ಸುಭಿಕ್ಷ ಶುರುವಾಗುವುದು 1836ರಲ್ಲಿ ಎಂದು ಅವರು ಲೆಕ್ಕ ಹಾಕಿಟ್ಟರು. 1752ರಲ್ಲಿ ತೀರಿಕೊಂಡ ಬೆಂಗೆಲ್‌ಗೆ ಆ ವರ್ಷ ನೋಡುವ ಅವಕಾಶ ಇರಲಿಲ್ಲ. ಆದರೆ ಅವರ ಲೆಕ್ಕವನ್ನು ಮನೆಮನೆಯ ಭಜನೆ ಗುಂಪುಗಳು ಜೋಪಾನ ಮಾಡಿದವು.

ಈ ವಾತಾವರಣಕ್ಕೆ 1794ರಿಂದ 1796ರವರೆಗೆ ಒಂದು ಕಾದಂಬರಿ ಬಂದು ಬಿತ್ತು. ಬರೆದವರು ಯೋಹಾನ್ ಹೈನ್ರಿಖ್ ಯುಂಗ್ ಸ್ಟಿಲ್ಲಿಂಗ್, ಕಣ್ಣಿನ ಪೊರೆ ತೆಗೆಯುವುದರಲ್ಲಿ ಹೆಸರಾದ ವೈದ್ಯ. ಕಾದಂಬರಿಯ ಹೆಸರು 'ಡಾಸ್ ಹೈಮ್‌ವೇ', ಅಂದರೆ ತವರಿನ ಹಂಬಲ. ಫ್ರೆಂಚ್ ಕ್ರಾಂತಿಯ ರಕ್ತಪಾತ ನಡೆಯುತ್ತಿದ್ದ ಕಾಲ. ಕ್ರಿಸ್ತವಿರೋಧಿಯ ದಿನಗಳು ಹತ್ತಿರವಾದಾಗ ಭಕ್ತರು ಪೂರ್ವ ದಿಕ್ಕಿಗೆ ಪಯಣಿಸಿ ಮಧ್ಯ ಏಷ್ಯದ ಕಡೆ ಒಂದು ಆಶ್ರಯಸ್ಥಾನ ಸೇರುವ ರೂಪಕ ಕಥೆ ಅದು. ಲೇಖಕರು ಅದನ್ನು ಆತ್ಮದ ಯಾತ್ರೆ ಎಂದುಕೊಂಡು ಬರೆದಿದ್ದರೋ ಏನೋ. ಓದುಗರಲ್ಲಿ ಹಲವರು ಅದನ್ನು ದಾರಿಯ ನಕ್ಷೆಯಾಗಿಯೇ ತೆಗೆದುಕೊಂಡರು.

1816ರಲ್ಲಿ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು ಬೂದಿ ಆಕಾಶ ಸೇರಿದ್ದರ ಪರಿಣಾಮ ಅದು. ಆಗ ಯಾರಿಗೂ ಗೊತ್ತಿರಲಿಲ್ಲ. ಬೆಳೆ ಕೆಟ್ಟು ಹಸಿವು ಬಂತು. ಬೆಂಗೆಲ್ ಲೆಕ್ಕಕ್ಕೆ ಇನ್ನು ಇಪ್ಪತ್ತೇ ವರ್ಷ. ಹೊಲ ಮನೆ ಮಾರಿದ ಸಾವಿರಾರು ಜನ 1817ರಲ್ಲಿ ಡ್ಯಾನ್ಯೂಬ್ ನದಿಯಗುಂಟ ದೋಣಿಗಳಲ್ಲಿ ಹೊರಟು ರಷ್ಯದ ಚಕ್ರವರ್ತಿಯ ಸೀಮೆಯತ್ತ ನಡೆದರು. ದಾರಿಯಲ್ಲೇ, ನದಿ ಕಡಲು ಸೇರುವ ಇಜ್ಮಾಯಿಲ್ ಬಳಿ, ರೋಗ ಬಂದು ಲೆಕ್ಕವಿಲ್ಲದಷ್ಟು ಜನ ಸತ್ತರು. ಮಕ್ಕಳನ್ನು ಕಳೆದುಕೊಂಡವರು, ಗಂಡನನ್ನು ಹೂತವರು ಮುಂದೆ ಸಾಗಿ ಕಾಕಸಸ್ ಬೆಟ್ಟಗಳ ತಪ್ಪಲಲ್ಲಿ, ಇಂದಿನ ಜಾರ್ಜಿಯ ಮತ್ತು ಅಜರ್‌ಬೈಜಾನ್‌ಗಳಲ್ಲಿ, ಊರು ಕಟ್ಟಿದರು. ಹಸಿವು ಅವರನ್ನು ಹೊರಡಿಸಿತು ಎನ್ನುವವರೂ ಇದ್ದಾರೆ, ಪುಸ್ತಕ ಹೊರಡಿಸಿತು ಎನ್ನುವವರೂ ಇದ್ದಾರೆ. ಹಸಿದವನ ಕೈಗೆ ಪುಸ್ತಕ ಸಿಕ್ಕಿತು ಎಂಬುದೇ ಸರಿಯಾದ ವಿವರಣೆ ಎನಿಸುತ್ತದೆ. 1836 ಬಂತು, ಹೋಯಿತು. ಅವರು ದ್ರಾಕ್ಷಿ ತೋಟ ಮಾಡಿಕೊಂಡು ಅಲ್ಲಿಯೇ ಉಳಿದರು. 1941ರಲ್ಲಿ ಸ್ಟಾಲಿನ್ ಅವರ ಮೊಮ್ಮಕ್ಕಳನ್ನು ರೈಲಿಗೆ ತುಂಬಿ ಕಜಕಸ್ತಾನದತ್ತ ಅಟ್ಟುವ ತನಕ ಆ ಊರುಗಳು ಅವರವೇ ಆಗಿದ್ದವು.

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ. ಊರಿನ ಜನ ಗಂಟುಮೂಟೆ ಕಟ್ಟಿ ಹೊರಟದ್ದು ಅವರ ಬಾಲ್ಯದ ಕಾಲದ ಸಂಗತಿ. ಅವರು ಮಂಗಳೂರಿಗೆ ಬಂದಿಳಿದ ವರ್ಷ 1836. ಬೆಂಗೆಲ್ ಲೆಕ್ಕದ ಅದೇ ವರ್ಷ. ಲೆಕ್ಕ ತಪ್ಪಿತ್ತು, ಆದರೆ ನಿರೀಕ್ಷೆ ಸತ್ತಿರಲಿಲ್ಲ. ಹೀಗಿರುವಾಗ ಹುಬ್ಬಳ್ಳಿಯಲ್ಲಿ, 'ನಮ್ಮ ಗ್ರಂಥದಲ್ಲಿ ನೀವು ಬರುವಿರೆಂದು ಬರೆದಿದೆ' ಎನ್ನುವ ಜನ ಎದುರು ಬಂದು ಕುಳಿತರೆ ಮನಸ್ಸು ಕರಗದೆ ಇದ್ದೀತೆ? ಇಬ್ಬರ ಕೈಯಲ್ಲೂ ಒಂದೊಂದು ಕಾಲಜ್ಞಾನವಿತ್ತು. ಇಬ್ಬರೂ ಎದುರಿಗಿದ್ದವರನ್ನು ತಮ್ಮ ಪುಸ್ತಕದೊಳಗಿನವರೆಂದು ತಿಳಿದರು.

1841ರಲ್ಲಿ ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು ಒಂದು ವಸಾಹತು ಶುರುವಾಯಿತು. ಬರಲಿರುವ ಕಾಲಜ್ಞಾನಿ ಕುಟುಂಬಗಳಿಗೆ ಉಳಲು ಹೊಲ, ಇರಲು ಮನೆ ಎಂಬ ಯೋಜನೆ. ಕುಟುಂಬಗಳು ಬರಲಿಲ್ಲ. ಬಂದರೆ ಏನೇನು ಬಿಡಬೇಕು ಎಂಬುದನ್ನು ಯೋಚಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಜಾತಿ ಬಿಟ್ಟವನಿಗೆ ಊರ ಬಾವಿಯ ನೀರು ನಿಲ್ಲುತ್ತದೆ, ಹೆಣ್ಣು ಕೊಡುವವರು ತರುವವರು ಇಲ್ಲವಾಗುತ್ತಾರೆ, ಸತ್ತರೆ ಹೊರುವವರಿಲ್ಲ. ಕಾಲಜ್ಞಾನ ಹೇಳಿದ್ದು ಇಡೀ ಲೋಕವೇ ಬದಲಾಗುತ್ತದೆ ಎಂದು. ಪಾದ್ರಿಗಳು ಕೇಳಿದ್ದು ನೀನೊಬ್ಬ ಮೊದಲು ಬದಲಾಗು ಎಂದು. ಕೆಲವೇ ವರ್ಷಗಳಲ್ಲಿ ಮಲ್ಲಸಮುದ್ರದ ಪ್ರಯೋಗ ಸೊರಗಿತು, ಕೆಲಸ ಪಕ್ಕದ ಬೆಟಗೇರಿಯತ್ತ ಸರಿಯಿತು. ಮಿಷನ್ನಿನ ಚರಿತ್ರೆಗಳಲ್ಲಿ ಇದು ಸೋತ ಯೋಜನೆಯಾಗಿ ಒಂದೆರಡು ಪುಟ ಪಡೆಯುತ್ತದೆ. ಕಾಲಜ್ಞಾನಿಗಳು ಇದನ್ನು ತಮ್ಮ ಕಡೆಯಿಂದ ಹೇಗೆ ವಿವರಿಸಿಕೊಂಡರೋ, ಅದು ಆ ಪುಟಗಳಲ್ಲಿಲ್ಲ.

ಇದೇ ದಶಕದಲ್ಲಿ ಅಮೆರಿಕದಲ್ಲೂ ಜನ ಕಾದು ಕುಳಿತಿದ್ದರು. ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತ ಬರುವನೆಂದು ನಂಬಿದರು. ಕೆಲವರು ಹೊಲದ ಫಸಲನ್ನೂ ಕೊಯ್ಯದೆ ಬಿಟ್ಟರು. ಮರುದಿನ ಎಂದಿನಂತೆ ಬೆಳಗಾಯಿತು. ಆ ನಿರಾಶೆಯಿಂದ ಚೇತರಿಸಿಕೊಂಡವರಲ್ಲಿ ಒಂದು ಗುಂಪು ಮುಂದೆ, 1863ರಲ್ಲಿ, ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಯಿತು.

ಕನ್ನಡದ ಗದ್ಯಕಥೆಯ ಚರಿತ್ರೆಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಒಂದಾದ 'ಯಾತ್ರಿಕನ ಸಂಚಾರ'ವೂ ಈ ಕಾಲದ್ದೇ. ಜಾನ್ ಬನ್ಯನ್ 1678ರಲ್ಲಿ ಬರೆದ ಕಥೆಯನ್ನು ಬಾಸೆಲಿನ ಗಾಟ್‌ಫ್ರೀಡ್ ವೈಗ್ಲೆ 1840ರ ದಶಕದ ಕೊನೆಯ ಭಾಗದಲ್ಲಿ ಕನ್ನಡಕ್ಕೆ ತಂದರು. ತನ್ನ ಪಟ್ಟಣ ಆಕಾಶದ ಬೆಂಕಿಗೆ ಸುಡಲಿದೆ ಎಂದು ಪುಸ್ತಕವೊಂದರಲ್ಲಿ ಓದಿದವನು ಹೆಂಡತಿ ಮಕ್ಕಳ ಮಾತು ಕೇಳದೆ ಓಡುವುದರಿಂದಲೇ ಆ ಕಥೆ ಶುರುವಾಗುತ್ತದೆ. ಅಂತ್ಯದ ಪುಸ್ತಕ ಓದಿದ ಓದುಗನೊಬ್ಬನೇ ಅದರ ನಾಯಕ.

ವಿಮಾನದಲ್ಲಿ ಮಾಯವಾದ ಪ್ರಯಾಣಿಕರು

ಬೆಂಗೆಲ್, ಮಿಲ್ಲರ್ ಇಬ್ಬರೂ ತಾರೀಖು ಹೇಳಿ ಸಿಕ್ಕಿಬಿದ್ದರು. ತಾರೀಖು ಹೇಳದೆ ಕುತೂಹಲ ಉಳಿಸುವ ದಾರಿಯನ್ನು ಇಪ್ಪತ್ತನೆಯ ಶತಮಾನ ಕಂಡುಕೊಂಡಿತು. 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ ಒಂದು ಹೊಸ ವ್ಯಾಖ್ಯಾನ ಮುಂದಿಟ್ಟಿದ್ದ. ಮಹಾಸಂಕಟ ಬರುವ ಮೊದಲೇ ನಿಜ ಭಕ್ತರನ್ನು ಕ್ರಿಸ್ತ ಗುಟ್ಟಾಗಿ ಮೇಲಕ್ಕೆ ಎತ್ತಿಕೊಳ್ಳುತ್ತಾನೆ, ಉಳಿದವರು ಏಳು ವರ್ಷ ಕ್ರಿಸ್ತವಿರೋಧಿಯ ಆಳ್ವಿಕೆಯಲ್ಲಿ ನರಳುತ್ತಾರೆ ಎಂಬುದು ಅದರ ಸಾರ. ಕನ್ನಡದ ಪೆಂಟೆಕೋಸ್ಟಲ್ ಪ್ರಾರ್ಥನಾ ಕೂಟಗಳಲ್ಲಿ ಇದನ್ನೇ 'ರಹಸ್ಯ ಬರೋಣ' ಎನ್ನುತ್ತಾರೆ. 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಈ ವ್ಯಾಖ್ಯಾನವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದವು.

ಅದಕ್ಕೆ ಕಾದಂಬರಿಯ ಬಟ್ಟೆ ತೊಡಿಸಿದವರು ಟಿಮ್ ಲಹೇ ಎಂಬ ಪಾದ್ರಿ ಮತ್ತು ಜೆರ್ರಿ ಜೆಂಕಿನ್ಸ್ ಎಂಬ ಬರಹಗಾರ. 1995ರಲ್ಲಿ ಬಂದ 'ಲೆಫ್ಟ್ ಬಿಹೈಂಡ್', ಎಂದರೆ 'ಹಿಂದುಳಿದವರು', ಅಟ್ಲಾಂಟಿಕ್ ಮೇಲೆ ಹಾರುವ ವಿಮಾನದಲ್ಲಿ ಆರಂಭವಾಗುತ್ತದೆ. ನಡುರಾತ್ರಿ ನೋಡಿದರೆ ಹಲವು ಸೀಟುಗಳಲ್ಲಿ ಬಟ್ಟೆ, ಕನ್ನಡಕ, ಬೂಟು ಮಾತ್ರ ಇವೆ, ಜನರಿಲ್ಲ. ಪೈಲಟ್ ಮನೆಗೆ ಬಂದರೆ ಹೆಂಡತಿ ಮತ್ತು ಚಿಕ್ಕ ಮಗನೂ ಇಲ್ಲ. ಮುಂದೆ ಕ್ರಿಸ್ತವಿರೋಧಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿ ಅವತರಿಸುತ್ತಾನೆ. 2007ರ ತನಕ 16 ಕಾದಂಬರಿಗಳು ಬಂದವು, ಒಟ್ಟು 6 ಕೋಟಿಗೂ ಹೆಚ್ಚು ಪ್ರತಿ ಮಾರಿದೆವು ಎಂದರು ಪ್ರಕಾಶಕರು. 2001ರ ಸೆಪ್ಟೆಂಬರ್ 11ರ ದಾಳಿಯ ಮರುತಿಂಗಳೇ ಬಂದ 'ಡೆಸಿಕ್ರೇಷನ್' ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿ. ಗಾಬರಿಯಾದ ಜನ ಪುಸ್ತಕದಂಗಡಿಗೂ ಹೋಗುತ್ತಾರೆ.

ಸಾಹಿತ್ಯದ ದೃಷ್ಟಿಯಿಂದ ಈ ಕಾದಂಬರಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪಾತ್ರಗಳು ಹಲಗೆಯಂತೆ ಚಪ್ಪಟೆ, ಸಂಭಾಷಣೆ ಪ್ರವಚನ. ಆದರೆ ಓದುಗರ ವಿಷಯ ಬೇರೆ. ಎಮಿ ಜಾನ್ಸನ್ ಫ್ರೈಕ್‌ಹೋಮ್ ಎಂಬ ಸಂಶೋಧಕಿ ಈ ಓದುಗರನ್ನೇ ಹುಡುಕಿ ಹೋಗಿ ಮಾತಾಡಿಸಿ 2004ರಲ್ಲಿ 'ರ್‍ಯಾಪ್ಚರ್ ಕಲ್ಚರ್' ಎಂಬ ಅಧ್ಯಯನ ಪ್ರಕಟಿಸಿದರು. ಪುಸ್ತಕ ಓದಿ ಮರುಳಾದ ಮಂದೆಯೊಂದು ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ಮನೆತನದ ಕಥೆಗಳು. ತಾಯಿ ಮಗಳಿಗೆ, ಅಕ್ಕ ತಂಗಿಗೆ, ಸಭೆಯ ಗೆಳತಿ ಗೆಳತಿಗೆ ಪುಸ್ತಕ ದಾಟಿಸುತ್ತಿದ್ದರು. ಸಭೆಗೆ ಬಾರದ ಮಗ, ನಂಬದ ಗಂಡ ಹಿಂದುಳಿದುಬಿಟ್ಟರೆ ಎಂಬ ಸಂಕಟ ಆ ಕೈಬದಲಿನ ಹಿಂದೆ ಇತ್ತು. ಅತ್ತೆಯ ಮನಸ್ಸು ನೋಯಿಸಬಾರದೆಂದು ಓದುವಂಥ, ನಂಬಿಕೆಗಿಂತ ನಂಟಿಗಾಗಿ ಪುಟ ತಿರುಗಿಸುವ ಓದು ಕೂಡ ಲೋಕದಲ್ಲಿ ಇದ್ದೇ ಇದೆ.

ಲೇಖಕರು ತಮಗೆ ಒಪ್ಪುವ ಪತ್ರಗಳನ್ನು ಆರಿಸಿ, ಓದಿ ಬದುಕು ಬದಲಾದವರ ಅನುಭವಗಳೆಂದು 2003ರಲ್ಲಿ ಬೇರೆಯೇ ಪುಸ್ತಕ ಮಾಡಿದರು. ಅದೇ ವರ್ಷ ಇಲಿನಾಯ್ ರಾಜ್ಯದ ಕ್ಯಾಥೊಲಿಕ್ ಬಿಷಪ್ಪರು, ಈ ಕಾದಂಬರಿಗಳು ಕ್ಯಾಥೊಲಿಕ್ ವಿರೋಧಿ ಎಂದು ತಮ್ಮ ಜನರನ್ನು ಎಚ್ಚರಿಸಿದರು. ಕಥೆಯಲ್ಲಿ ಮೇಲೆ ಎತ್ತಲ್ಪಟ್ಟ ಪೋಪರ ನಂತರ ಬರುವವನೇ ಕ್ರಿಸ್ತವಿರೋಧಿಯ ಸುಳ್ಳು ಧರ್ಮಕ್ಕೆ ಮುಖ್ಯಸ್ಥನಾಗುವುದು ಅವರ ಸಿಟ್ಟಿಗೆ ಒಂದು ಕಾರಣ. ಇನ್ನೊಂದು ಬಗೆಯ ಓದುಗರೂ ಇದ್ದರು. ಇಂಥ ಕಥೆಗಳ ನೆರಳಲ್ಲಿ ಬೆಳೆದ ಮಕ್ಕಳು. 1972ರಲ್ಲಿ ಬಂದ 'ಎ ಥೀಫ್ ಇನ್ ದ ನೈಟ್' ಎಂಬ ಸಿನಿಮಾವನ್ನು ಸಭೆಗಳ ಹಾಲುಗಳಲ್ಲಿ ನೋಡಿದ ಮಕ್ಕಳು ದೊಡ್ಡವರಾದ ಮೇಲೆ ಹೇಳಿಕೊಂಡ ನೆನಪು ಹೆಚ್ಚುಕಡಿಮೆ ಒಂದೇ: ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಕಾಣದಿದ್ದರೆ, ಎಲ್ಲರನ್ನೂ ಎತ್ತಿಕೊಂಡು ಹೋಗಿ ತನ್ನನ್ನು ಬಿಟ್ಟರು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಿರಬಹುದು, ಅಷ್ಟೆ.

ಇಲ್ಲಿಯ ಓದು

ಆರ್ಥರ್ ಅವರ ವೆಸ್ಲಿಯನ್ ಸಭೆ 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ, ಜನ ಸಿ.ಎಸ್.ಐ. ಎನ್ನುವ ಸಭೆಯಲ್ಲಿ, ಲೀನವಾಯಿತು. ಅದರ ಉಪದೇಶದಲ್ಲಿ ಗುಟ್ಟಾಗಿ ಎತ್ತಿಕೊಳ್ಳುವ ಮಾತಿಗೆ ಸ್ಥಾನ ಕಡಿಮೆ. ಕ್ರಿಸ್ತ ಮತ್ತೆ ಬರುವನೆಂಬ ನಂಬಿಕೆ ಇದೆ, ಆದರೆ ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದೆಂದು ಸುವಾರ್ತೆಯಲ್ಲೇ ಇದೆಯಲ್ಲ ಎಂಬುದು ಅಲ್ಲಿಯ ಉತ್ತರ. ಕ್ಯಾಥೊಲಿಕರ ನಿಲುವೂ ಹೆಚ್ಚುಕಡಿಮೆ ಇದೇ. ಪೆಂಟೆಕೋಸ್ಟಲ್ ಕೂಟಗಳಲ್ಲಿ ಮಾತ್ರ 'ಬರೋಣ' ಹಾಡು, ಪ್ರಸಂಗ, ಸಾಕ್ಷಿ ಎಲ್ಲದರಲ್ಲೂ ಇರುತ್ತದೆ. ಹಾಗಾಗಿ ಒಂದೇ ಬೀದಿಯ ಎರಡು ಕ್ರೈಸ್ತ ಮನೆಗಳಲ್ಲಿ 'ಪ್ರಕಟನೆ' ಎರಡು ಬೇರೆ ಪುಸ್ತಕಗಳಾಗಬಹುದು.

ಈ ಓದಿಗೆ ಕಾಗದದಾಚೆಗೂ ಪರಿಣಾಮಗಳಿವೆ. ಮೃಗದ ಗುರುತಿಲ್ಲದೆ ಯಾರೂ ಕೊಳ್ಳಲಾರರು, ಮಾರಲಾರರು ಎಂಬ ಮಾತು 'ಪ್ರಕಟನೆ'ಯಲ್ಲಿ ಬರುತ್ತದೆ. ಮಿಜೋರಾಂನಲ್ಲಿ ಕೆಲವು ಸಣ್ಣ ಕ್ರೈಸ್ತ ಪಂಗಡಗಳು ಆಧಾರ್ ಸಂಖ್ಯೆಯೇ ಆ ಗುರುತು ಎಂದು ತಿಳಿದು ಅದನ್ನು ನಿರಾಕರಿಸಿದವು. ನಿರಾಕರಿಸಿದವನ ಪಾಲಿಗೆ ಸರ್ಕಾರಿ ಸವಲತ್ತುಗಳೂ ದೂರ. ಇದನ್ನು ಮೂಢತನ ಎಂದು ನಕ್ಕುಬಿಡುವುದು ಸುಲಭ. ಆದರೆ ಬೆರಳಚ್ಚು ಕೊಡದೆ ಅಕ್ಕಿ ಸಿಗದ ಸರತಿಯಲ್ಲಿ ನಿಂತವನಿಗೆ ಆ ವಾಕ್ಯ ನೆನಪಾದದ್ದರಲ್ಲಿ ಅಂಥ ಅಸಹಜವೇನಿದೆ?

ಕಾಲಜ್ಞಾನದ ಕಡೆಯೂ ಹೆಸರು ತುಂಬುವ ಕೆಲಸ ನಿಂತಿಲ್ಲ. 1984ರಲ್ಲಿ ಎನ್.ಟಿ. ರಾಮರಾವ್ ವೀರಬ್ರಹ್ಮೇಂದ್ರ ಸ್ವಾಮಿಯಾಗಿ ನಟಿಸಿದ ಚಿತ್ರ ಓದು ಬಾರದವರಿಗೂ ಕಾಲಜ್ಞಾನವನ್ನು ತಲುಪಿಸಿತು. 2020ರಲ್ಲಿ ಕೊರೊನಾ ಬಂದಾಗ, ಸ್ವಾಮಿ ಇದನ್ನು ಮೊದಲೇ ಹೇಳಿದ್ದರೆಂಬ ಪದ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ತಿಪಟೂರಿನಿಂದ ಮುಂದೆ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯ ಕೋಡಿಮಠದ ಭವಿಷ್ಯ ಪತ್ರಿಕೆ, ಟಿ.ವಿ.ಗಳಿಗೆ ಈಗಲೂ ಸುದ್ದಿಯೇ. ಯಾವುದೇ ಸರ್ಕಾರ ಅಲುಗಾಡಿದರೆ ಆ ಮಾತನ್ನು ಮತ್ತೊಮ್ಮೆ ತೆಗೆದು ನೋಡಲಾಗುತ್ತದೆ.

ಭಯ ಮಾತ್ರ ಒಂದು ಧರ್ಮದವರ ಸ್ವತ್ತಲ್ಲ. 1962ರ ಫೆಬ್ರುವರಿಯಲ್ಲಿ ಎಂಟು ಗ್ರಹಗಳು ಕೂಡಿದಾಗ ದೇಶದ ತುಂಬ ಹೋಮ ಹವನ ನಡೆದವು, ಪ್ರಯಾಣಗಳು ರದ್ದಾದವು. 1979ರ ಜುಲೈಯಲ್ಲಿ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು, ಇದ್ದಷ್ಟು ದಿನ ಉಂಡುಬಿಡೋಣ ಎಂದು ಕೋಳಿ ಕುರಿ ಕೊಯ್ದವರ ಕಥೆ ಹಳ್ಳಿಗಳಲ್ಲಿ ಇನ್ನೂ ನಗೆಯ ವಸ್ತು. ಅದು ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯದ ಮರಳುಗಾಡಿನಲ್ಲಿ ಚೂರುಚೂರಾಗಿ ಬಿತ್ತು. 2008ರ ಸೆಪ್ಟೆಂಬರಿನಲ್ಲಿ ಜಿನೀವಾ ಬಳಿಯ ಕಣ ಪ್ರಯೋಗದಿಂದ ಭೂಮಿ ನಾಶವಾಗುತ್ತದೆಂಬ ಚಾನೆಲ್ ಸುದ್ದಿಗಳ ಕಾಲದಲ್ಲಿ ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳು. ಆ ಸುದ್ದಿ ನೋಡಿ ಹೆದರಿದ್ದಳೆಂದು ಮನೆಯವರು ಹೇಳಿದರು. ಇದು ನಗೆಯ ವಸ್ತುವಲ್ಲ. 2012ರ ಡಿಸೆಂಬರ್ 21ರ ಪ್ರಳಯವನ್ನು ಮಾಯಾ ಪಂಚಾಂಗದ ಹೆಸರಿನಲ್ಲಿ ತಿಂಗಳುಗಟ್ಟಲೆ ಬಿತ್ತರಿಸಿದ ವಾಹಿನಿಗಳು, 22ರಂದು ಯಾವ ಮುಜುಗರವೂ ಇಲ್ಲದೆ ಬೇರೆ ಸುದ್ದಿಗೆ ಹೋದವು. ಬೆಂಗೆಲ್‌ಗಾದರೂ ತನ್ನ ಲೆಕ್ಕದ ಮೇಲೆ ಸ್ವತಃ ನಂಬಿಕೆ ಇತ್ತು.

ಓದುಗನಿಗೆ ಇರುವ ಅಧಿಕಾರವನ್ನು ಬಯಲಿನಲ್ಲಿ ಕಾಣಬೇಕಾದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದರೆ ಲಕ್ಷಗಟ್ಟಲೆ ಜನ ಉಸಿರು ಬಿಗಿ ಹಿಡಿಯುತ್ತಾರೆ. ಆತ ಹೇಳುವುದು ಒಂದೇ ಸಾಲು. ಹೇಳಿ ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಕಂಬಳಿಯೊಡ್ಡಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಗೊರವಯ್ಯನಿಗೆ ಕೆಲಸವಿಲ್ಲ. ಗಾಡಿ ಕಟ್ಟಿಕೊಂಡು, ಬಸ್ಸು ಹಿಡಿದು ಊರಿಗೆ ಮರಳುವ ಜನ ಆ ಸಾಲನ್ನು ತಿರುವಿ ಹಾಕುತ್ತ ಹೋಗುತ್ತಾರೆ. ಒಬ್ಬರ ಪ್ರಕಾರ ಅದು ಮುಂಗಾರು ಮಳೆಯದು, ಇನ್ನೊಬ್ಬರ ಪ್ರಕಾರ ಮುಖ್ಯಮಂತ್ರಿಯದು, ಸಾಲ ಮಾಡಿದವರ ಪ್ರಕಾರ ಬೆಳೆಯ ಬೆಲೆಯದು.